ಫೋನ್ ಎತ್ತಬ್ಯಾಡ್ರಿ, ಮೀಟಿಂಗ್ ನಡದೈತಿ

ನಮ್ಮ ವಿಜಯಪುರದ ಕಡೆ ಫೋನಿನಲ್ಲಿ ವಿಷಯ ಎಂದೂ ಮೊದಲು ಬರುವುದಿಲ್ಲ. ಮೊದಲು ಬರುವುದು "ಯಾರ್ರೀ?" ಆ ಕಡೆಯವರು ಹೆಸರು ಹೇಳುವ ಪೈಕಿ ಅಲ್ಲ. "ನಾನ್ರೀ" ಅನ್ನುತ್ತಾರೆ. "ನಾನಂದ್ರ ಯಾರ್ರೀ?" ಎಂದು ಕೇಳಿದಿರೋ, "ದನಿ ಗುರ್ತ ಹತ್ತಲಿಲ್ಲೇನು? ದೊಡ್ಡವರಾದ್ರಿ ಬಿಡ್ರಿ" ಎಂಬ ಮುನಿಸು ತಯಾರಾಗಿರುತ್ತದೆ. ಗುರುತು ಹತ್ತಿದ ಮೇಲೆ ಆರಾಮದ ವಿಚಾರ. ಮನೆಯಲ್ಲಿ ಎಷ್ಟು ಮಂದಿ ಇದ್ದಾರೋ ಅಷ್ಟೂ ಮಂದಿಯ ಆರಾಮವನ್ನು ಬೇರೆ ಬೇರೆಯಾಗಿ ಕೇಳಬೇಕು. ಒಟ್ಟಿಗೆ ಕೇಳಿದರೆ ಯಾರನ್ನೋ ಬಿಟ್ಟಂತಾಗುತ್ತದೆ. ಆಮೇಲೆ ಮಳೆ. "ಮಳಿ ಆತೇನ್ರಿ?" "ಎಲ್ಲಿ ಮಳಿ ತರ್ತೀರಿ, ಮಾಡ ಕಟ್ಟತೈತಿ, ಚದರತೈತಿ." ಆಮೇಲೆ ಜೋಳದ ದರ, ತೊಗರಿಯ ದರ, ಯಾರ ಮನೆಗೆ ಕನ್ಯೆ ನೋಡಲು ಬಂದಿದ್ದರು, ಯಾರು ತೀರಿಕೊಂಡರು. ಇಷ್ಟೆಲ್ಲ ಮುಗಿದು "ಹಂಗಾರ ಇಡ್ಲೇನ್ರಿ?" "ಇಡ್ರಿ" ಎಂದಾಗಿ, ರಿಸೀವರ್ ಕಿವಿಯಿಂದ ಅರ್ಧ ಗೇಣು ದೂರ ಸರಿದ ಮೇಲೆ, "ಹಾಂ, ಮರ್ತಿದ್ದೆ ನೋಡ್ರಿ, ಒಂದು ಮಾತಿತ್ತು" ಎಂದು ಅಸಲು ವಿಷಯ ಹೊರಬೀಳುತ್ತದೆ.

ಟ್ರಂಕ್ ಕಾಲ್ ಕಾಲದಲ್ಲೂ ಈ ಕ್ರಮ ತಪ್ಪಿರಲಿಲ್ಲವಂತೆ. ಮುಂಜಾನೆ ಬುಕ್ ಮಾಡಿ, ಸಂಜೆಯತನಕ ಫೋನಿನ ಪಕ್ಕ ಕುಳಿತು, ಕಡೆಗೂ ಸೊಲ್ಲಾಪುರ ಹತ್ತಿದಾಗ, ಮೂರು ನಿಮಿಷದಲ್ಲಿ ಎರಡೂವರೆ ನಿಮಿಷ ಆರಾಮ ಕೇಳುವುದರಲ್ಲೇ ಹೋಗುತ್ತಿತ್ತು. ಉಳಿದ ಅರ್ಧ ನಿಮಿಷದಲ್ಲಿ ಮದುವೆಗಳು ನಿಶ್ಚಯವಾಗಿವೆ ಎನ್ನುತ್ತಾಳೆ ಅವ್ವ. ಆ ಮದುವೆಗಳು ಹೇಗಾದವು ಎಂದು ಮಾತ್ರ ಹೇಳುವುದಿಲ್ಲ.

ಇಂಥ ನಾಡಿಗೆ, ಅದೇ ಫೋನಿನ ತಂತಿಯ ಮೇಲೆ, ಇಂಟರ್ನೆಟ್ ಬಂತು.

ವಿದೇಶ ಸಂಚಾರ ನಿಗಮ ದೇಶದಲ್ಲಿ ಜನಸಾಮಾನ್ಯರಿಗೆ ಇಂಟರ್ನೆಟ್ ಕೊಡಲು ಶುರುಮಾಡಿದ್ದು 1995ರ ಆಗಸ್ಟ್ 15ರಂದು. ಅದು ಡಯಲ್ ಮಾಡುವ ಇಂಟರ್ನೆಟ್. ಕಂಪ್ಯೂಟರೇ ಫೋನ್ ಹಚ್ಚುತ್ತಿತ್ತು, ಮೋಡೆಮ್ ಕಿರ್ರ್, ಕೊಂಯ್ ಎಂದು ಕೂಗಿಕೊಂಡು ಆಮೇಲೆ ಒಳಗೆ ಬಿಟ್ಟುಕೊಳ್ಳುತ್ತಿತ್ತು. ನೆಟ್ ನಡೆದಿರುವಷ್ಟು ಹೊತ್ತು ಮನೆಗೆ ಫೋನ್ ಹತ್ತುತ್ತಿರಲಿಲ್ಲ. ಯಾರಾದರೂ ರಿಸೀವರ್ ಎತ್ತಿದರೆ ನೆಟ್ ಕಡಿಯುತ್ತಿತ್ತು. ನನಗನಿಸುವಂತೆ ಅದು ನ್ಯಾಯವಾದ ವ್ಯವಸ್ಥೆ. ಒಂದೇ ಬಾಗಿಲು, ಒಬ್ಬರು ಒಳಗಿದ್ದರೆ ಇನ್ನೊಬ್ಬರು ಹೊರಗೆ. ಎಲ್ಲರಿಗೂ ಗೊತ್ತಿತ್ತು, ಆದ್ದರಿಂದ ಜಗಳವಿರಲಿಲ್ಲ. ಜಗಳ ಶುರುವಾದದ್ದು ಎರಡೂ ಒಟ್ಟಿಗೆ ನಡೆಯುತ್ತವೆ ಎಂಬ ಭರವಸೆ ಬಂದ ಮೇಲೆ. 2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್ 'ಡಾಟಾವನ್' ಎಂಬ ಹೆಸರಿನಲ್ಲಿ ಬ್ರಾಡ್‌ಬ್ಯಾಂಡ್ ಆರಂಭಿಸಿತು. ಅದಕ್ಕೂ ಮುಂಚೆ 2004ರ ಬ್ರಾಡ್‌ಬ್ಯಾಂಡ್ ನೀತಿ ಸೆಕೆಂಡಿಗೆ 256 ಕಿಲೋಬಿಟ್ ಬಂದರೆ ಅದನ್ನು ಬ್ರಾಡ್‌ಬ್ಯಾಂಡ್ ಎನ್ನಬಹುದು ಎಂದು ಸಾರಿತ್ತು. ಆ ವೇಗದಲ್ಲಿ ಐದು ಮೆಗಾಬೈಟಿನ ಒಂದು ಹಾಡು ಇಳಿಯಲು ಎರಡೂವರೆ ನಿಮಿಷ ಬೇಕು, ಅಂದರೆ ಟ್ರಂಕ್ ಕಾಲಿನಲ್ಲಿ ಆರಾಮ ಕೇಳುವಷ್ಟು ಹೊತ್ತು. ಆದರೂ ನಮಗದು ದೊಡ್ಡದೇ. ಫೋನೂ ನಡೆಯಲಿ, ನೆಟ್ಟೂ ನಡೆಯಲಿ ಎಂದು ಕರಾರಾಗಿತ್ತಲ್ಲ.

ಕರಾರು ಮುರಿದದ್ದು 2020ರಲ್ಲಿ, ಮಗಳು ಬೆಂಗಳೂರಿನ ಕೆಲಸವನ್ನು ಲ್ಯಾಪ್‌ಟಾಪಿನಲ್ಲಿ ಕಟ್ಟಿಕೊಂಡು ವಿಜಯಪುರಕ್ಕೆ ಬಂದಾಗ. ಅದಕ್ಕೂ ಮುಂಚೆ ಮುರಿದಿತ್ತೋ ಏನೋ, ನಮಗೆ ಗೊತ್ತಾಗಿರಲಿಲ್ಲ. ನಾನು ನೆಟ್ಟಿನಲ್ಲಿ ಓದುವುದು ಪೇಪರು. ಅದು ಅರ್ಧಕ್ಕೆ ನಿಂತರೆ ಚಹಾ ಕುಡಿದು ಬಂದು ಮುಂದೆ ಓದುತ್ತಿದ್ದೆ. ಮಗಳ ಮೀಟಿಂಗಿಗೆ ಚಹಾದ ಸೌಲಭ್ಯವಿರಲಿಲ್ಲ. ಪಡಸಾಲೆಯ ಫೋನು ಟ್ರಿಣ್ ಎಂದರೆ ಸಾಕು, ಮೋಡೆಮಿನ ಹಸಿರು ದೀಪ ಪಿಳಿಪಿಳಿ ಮಿಟುಕಿಸಿ ಆರಿಹೋಗುವುದು. ಪರದೆಯ ಮೇಲೆ ಹನ್ನೆರಡು ಮುಖಗಳು ಬಾಯಿ ತೆರೆದುಕೊಂಡೇ ಕಲ್ಲಾಗುವವು. ಕೋಣೆಯಿಂದ ಕೂಗು: "ಅಮ್ಮಾ, ಫೋನ್ ಎತ್ತಬ್ಯಾಡ, ಮೀಟಿಂಗ್ ನಡದೈತಿ!" ನಮ್ಮ ಅವ್ವನನ್ನು ಅವಳು ಅಮ್ಮ ಅನ್ನುವುದು. ಅವ್ವ ಅಷ್ಟರಲ್ಲಿ ಎತ್ತಿ "ಯಾರ್ರೀ?" ಎಂದಾಗಿರುತ್ತಿತ್ತು. ಮೊಮ್ಮಗಳ ದನಿ ಕೇಳಿ, "ಆಮ್ಯಾಲೆ ಮಾಡ್ರಿಪಾ, ಹುಡುಗಿ ಒದರಾಕತ್ಯಾಳ" ಎಂದು ಇಡುತ್ತಿದ್ದಳು. ಇಟ್ಟು ಸ್ವಲ್ಪ ಹೊತ್ತಿಗೆ ದೀಪ ಮತ್ತೆ ಹತ್ತುತ್ತಿತ್ತು.

ಇದರಿಂದ ಮನೆಯಲ್ಲಿ ಒಂದು ಸಿದ್ಧಾಂತ ಸ್ಥಾಪನೆಯಾಯಿತು: ಅವ್ವ ಮಾತಾಡಿದರೆ ನೆಟ್ ಹೋಗುತ್ತದೆ, ಅವ್ವ ಇಟ್ಟರೆ ಬರುತ್ತದೆ. ಸಾಕ್ಷಿ ಕಣ್ಣೆದುರಿಗೇ ಇತ್ತು. ಮಾತು ಉದ್ದವಾದಷ್ಟೂ ತಂತಿಗೆ ಭಾರ ಎಂದು ಎದುರುಮನೆಯ ಡಿಪ್ಲೊಮಾ ಹುಡುಗ ಅದಕ್ಕೆ ತಾಂತ್ರಿಕ ಬೆಂಬಲವನ್ನೂ ಕೊಟ್ಟ. ಅವ್ವನಿಗೆ ಮೊಬೈಲ್ ಕೊಡಿಸಿದೆವು. ಅದು ಕಿವಿಗೆ ಬಿಸಿ ಹತ್ತುತ್ತದೆ, ಯಾರ ಜೊತೆಗಾದರೂ ಮಾತಾಡುವಾಗ ಕೆನ್ನೆ ತಾಗಿ ಮತ್ಯಾರಿಗೋ ಹೋಗುತ್ತದೆ ಎಂದು ಬದಿಗಿಟ್ಟಳು. ಎಂಬತ್ತು ದಾಟಿದ ಮುದುಕಿಯರ ಇಡೀ ಒಂದು ಬಳಗ, ಟಿಕೋಟಾ, ಬಬಲೇಶ್ವರ, ಜಮಖಂಡಿಗಳಲ್ಲಿ ಹರಡಿಕೊಂಡು, ಹಗಲೆಲ್ಲ ಅದೇ ಹಳೆಯ ನಂಬರಿಗೆ ಹಚ್ಚುತ್ತಿತ್ತು. ಮನೆಯಿಂದ ಹೊರಬೀಳುವಂತಿಲ್ಲದ ಆ ದಿನಗಳಲ್ಲಿ ಅವರಿಗಿದ್ದ ಸಂತೆ, ಜಾತ್ರೆ, ಗುಡಿಯ ಕಟ್ಟೆ ಎಲ್ಲ ಅದೇ.

ಈಗ ತಂತಿಯೊಳಗೆ ಏನು ನಡೆಯುತ್ತದೆ ಎಂಬುದನ್ನು ಹೇಳಿಬಿಡುತ್ತೇನೆ. ಮನುಷ್ಯನ ಮಾತಿಗೆ ಫೋನು ಕೊಡುವ ಜಾಗ ತೀರ ಚಿಕ್ಕದು: ಸೆಕೆಂಡಿಗೆ 300ರಿಂದ 3,400 ಕಂಪನಗಳ ನಡುವೆ ನಮ್ಮ ಆರಾಮ, ಮಳೆ, ಜೋಳ ಎಲ್ಲ ಮುಗಿಯಬೇಕು. ತಾಮ್ರದ ತಂತಿಗೆ ಅದರಾಚೆಗೂ ಬೇಕಾದಷ್ಟು ಶಕ್ತಿಯಿದೆ. ಎಡಿಎಸ್‌ಎಲ್ ಎಂಬ ವಿದ್ಯೆ 25 ಸಾವಿರ ಕಂಪನಗಳಿಂದ ಆಚೆ, 11 ಲಕ್ಷದವರೆಗೆ, ತನ್ನ ಸಂಸಾರ ಹೂಡುತ್ತದೆ. ಆ ಹರವನ್ನು ನಾಲ್ಕು ಸಾವಿರ ಚಿಲ್ಲರೆ ಕಂಪನಗಳ ಸಣ್ಣ ಸಣ್ಣ ಪಟ್ಟಿಗಳಾಗಿ ಕೊಯ್ದು, ಒಂದೊಂದರ ಮೇಲೂ ಎಷ್ಟು ಹೊರೆ ಹೊರಿಸಬಹುದೆಂದು ಮೊದಲು ಪರೀಕ್ಷೆ ಮಾಡಿ, ಆಮೇಲೆ ಕೆಲಸ ಶುರುಮಾಡುತ್ತದೆ. ಒಮ್ಮೆ ಕಡಿದ ನೆಟ್ ತಟ್ಟನೆ ಬಾರದೆ ನಿಮಿಷ ಹಿಡಿಯುವುದು ಈ ಪರೀಕ್ಷೆಯಿಂದಲೇ. ಹೊರಗಿನಿಂದ ಬರುವುದಕ್ಕೆ ಹೆಚ್ಚು ಜಾಗ, ಇಲ್ಲಿಂದ ಹೋಗುವುದಕ್ಕೆ ಕಡಿಮೆ ಸಾಕು ಎಂಬ ಯೋಚನೆಯನ್ನು 1980ರ ದಶಕದ ಕೊನೆಯಲ್ಲಿ ಮುಂದಿಟ್ಟವರು ಅಮೆರಿಕದ ಬೆಲ್‌ಕೋರ್ ಸಂಸ್ಥೆಯ ಎಂಜಿನಿಯರ್ ಜೋಸೆಫ್ ಲೆಚ್‌ಲೈಡರ್. ನಮ್ಮ ಅವ್ವನ ಪರಿಚಯ ಅವರಿಗಿರಲು ಸಾಧ್ಯವಿಲ್ಲ. ಆದರೆ ಅವ್ವ ತಾನಾಗಿ ಯಾರಿಗೂ ಫೋನ್ ಹಚ್ಚುವವಳಲ್ಲ, ಹಚ್ಚಿಸಿಕೊಳ್ಳುವವಳು. ಹಿರಿಯರಿಗೆ ಕಿರಿಯರು ಮಾಡಬೇಕು ಎಂಬುದು ಅವಳ ಕಾನೂನು. ಈ ಸ್ವಭಾವ ಮುಂದೆ ಪತ್ತೇದಾರಿಯಲ್ಲಿ ಬಹಳ ಮುಖ್ಯವಾಗುತ್ತದೆ, ನೆನಪಿಡಿ.

ಮಾತು ಕೆಳಗೆ, ಮಾಹಿತಿ ಮೇಲೆ ಎಂದು ಎರಡನ್ನೂ ಬೇರೆ ಮಾಡಿ ಕೊಡುವುದು ಸ್ಪ್ಲಿಟರ್ ಎಂಬ ಬಿಳಿಯ ಡಬ್ಬಿ. ಬೆಂಕಿಪೊಟ್ಟಣಕ್ಕಿಂತ ಒಂದಿಷ್ಟು ದೊಡ್ಡದು, ಮೂರು ತೂತು: ಒಂದಕ್ಕೆ ಲೈನು, ಒಂದಕ್ಕೆ ಫೋನು, ಒಂದಕ್ಕೆ ಮೋಡೆಮು. ಅದಿಲ್ಲದೆ ಫೋನನ್ನು ನೇರ ತಂತಿಗೆ ಸಿಕ್ಕಿಸಿದರೆ ಏನಾಗುತ್ತದೆ ಎಂಬುದು ತಿಳಿಯಬೇಕಾದರೆ ಗೋಳಗುಮ್ಮಟಕ್ಕೆ ಹೋಗಬೇಕು. 1656ರ ಹೊತ್ತಿಗೆ ಮುಗಿದ ಆ ಗುಮ್ಮಟದೊಳಗಿನ ಗ್ಯಾಲರಿಯಲ್ಲಿ ಈ ಬದಿಯ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ, ಮೂವತ್ತೇಳು ಮೀಟರಿಗೂ ಆಚೆಯಿರುವ ಎದುರು ಗೋಡೆಗೆ ಕಿವಿಯಿಟ್ಟವರಿಗೆ ಸ್ಪಷ್ಟವಾಗಿ ಕೇಳುತ್ತದೆ. ಕೇಳಬೇಕು. ಆದರೆ ಅದೇ ಹೊತ್ತಿಗೆ ಶಾಲೆಯ ಟ್ರಿಪ್ಪಿನ ಮಕ್ಕಳು ಮೆಟ್ಟಿಲು ಹತ್ತಿ ಬಂದು "ಹೋ" ಎಂದರೆ ಮುಗಿಯಿತು. ಗುಮ್ಮಟ ಆ ಹೋಕಾರವನ್ನು ಮತ್ತೆ ಮತ್ತೆ ತಿರುಗಿಸಿ ಹೇಳುತ್ತದೆ, ಪಿಸುಮಾತು ಸತ್ತೇಹೋಗುತ್ತದೆ. ತಂತಿಯಲ್ಲಿ ಮೋಡೆಮಿನದು ಪಿಸುಮಾತು. ಫೋನಿನ ರಿಂಗು ಶಾಲೆಯ ಟ್ರಿಪ್ಪು: ಸುಮ್ಮನಿರುವಾಗ 48 ವೋಲ್ಟ್ ಇರುವ ತಂತಿಯ ಮೇಲೆ, ಗಂಟೆ ಬಾರಿಸಲೆಂದು ಎಕ್ಸ್‌ಚೇಂಜಿನವರು ಇನ್ನೂ 75 ವೋಲ್ಟಿನಷ್ಟು ಪರ್ಯಾಯ ವಿದ್ಯುತ್ತನ್ನು, ಸೆಕೆಂಡಿಗೆ 25 ಸಲ ಆಚೀಚೆ ತುಯ್ಯುವಂತೆ ಕಳಿಸುತ್ತಾರೆ. ರಿಂಗ್ ಆಗುವ ಹೊತ್ತಿನಲ್ಲಿ ಬರಿಗೈಯಿಂದ ತಂತಿ ಹಿಡಿದವರಿಗೆ ಅದರ ರುಚಿ ಗೊತ್ತು.

ನಮ್ಮ ಮನೆಯಲ್ಲಿ ಸ್ಪ್ಲಿಟರ್ ಇತ್ತು. ಹೊಸದನ್ನೂ ತಂದು ಹಾಕಿದ್ದೆವು. ಮೋಡೆಮ್ ಬದಲಾಯಿತು. ಫೋನಿನ ಸುರುಳಿ ವೈರು ಬದಲಾಯಿತು. ಅವ್ವನ ಬಳಗಕ್ಕೆ ಸಂಜೆ ಆರರ ನಂತರವೇ ಹಚ್ಚಬೇಕೆಂದು ಸುತ್ತೋಲೆ ಹೋಯಿತು. ಬಳಗ ಅದನ್ನು ಚರ್ಚಿಸಲು ಮುಂಜಾನೆ ಹತ್ತಕ್ಕೇ ಹಚ್ಚಿತು.

ಕಡೆಗೆ ಓಣಿಯ ಕೊನೆಯ ಮನೆಯ ಮಾಮಾನನ್ನು ಕರೆದದ್ದು ಅವ್ವನೇ. ಲೈನ್‌ಮನ್ ಆಗಿ ಸರ್ವಿಸ್ ಮುಗಿಸಿದವರು. ಕಂಬ ಹತ್ತುವುದನ್ನು ಬಿಟ್ಟರೂ ಕಂಬಗಳ ಮೇಲಿನ ಪ್ರೀತಿ ಬಿಟ್ಟವರಲ್ಲ. ವಾಕಿಂಗಿಗೆ ಹೋದಾಗ ತಲೆ ಎತ್ತಿಕೊಂಡೇ ನಡೆಯುತ್ತಾರೆ. ಮಾಸ್ಕ್ ಹಾಕಿಕೊಂಡು ಬಂದು, ಮೋಡೆಮಿನ ಹತ್ತಿರವೂ ಹೋಗದೆ, ಪಡಸಾಲೆಯ ಕುರ್ಚಿಯಲ್ಲಿ ಕುಳಿತು ಕೇಳಿದರು:

"ನೆಟ್ ಯಾವಾಗ ಹೋಗತೈತ್ರಿ?"

"ಫೋನ್ ಬಂದಾಗ."

"ಬಂದಾಗಂದ್ರ? ರಿಂಗ್ ಆಗೂದಕ್ಕ ಹೋಗತೈತೋ, ಎತ್ತಿದಾಗ ಹೋಗತೈತೋ, ಮಾತಾಡಕೋತ ಇದ್ದಾಗ ಹೋಗತೈತೋ?"

ನಾವು ಮುಖ ಮುಖ ನೋಡಿಕೊಂಡೆವು. ಅಷ್ಟು ಜಗಳ ನಡೆದಿದ್ದರೂ ಅದನ್ನು ಯಾರೂ ಗಮನಿಸಿರಲಿಲ್ಲ.

"ಹೋಗ್ಲಿ. ನೀವು ಹೊರಗ ಹಚ್ಚಿದಾಗ ಹೋಗತೈತೇನು?"

ಹೊರಗೆ ಹಚ್ಚುವವರು ಯಾರು? ನಾವೆಲ್ಲ ಮೊಬೈಲಿನವರು, ಅವ್ವನ ಕಾನೂನು ಮೊದಲೇ ಹೇಳಿದ್ದೇನೆ. ಮಾಮಾ ಎದ್ದು ತಾವೇ ಪಡಸಾಲೆಯ ಫೋನಿನಿಂದ ನನ್ನ ಮೊಬೈಲಿಗೆ ಹಚ್ಚಿದರು. ದೀಪ ಅಲುಗಲಿಲ್ಲ. ಮಾತಾಡಿದೆವು, ಒಬ್ಬರಿಗೊಬ್ಬರು ಮೂರು ಮಾರು ದೂರದಲ್ಲಿ ನಿಂತು ಆರಾಮ ಕೇಳಿಕೊಂಡೆವು. ದೀಪ ಅಲುಗಲಿಲ್ಲ. ಇಟ್ಟು, ಈಗ ನನ್ನ ಮೊಬೈಲಿನಿಂದ ಮನೆಯ ನಂಬರಿಗೆ ಹಚ್ಚಿಸಿದರು. ಟ್ರಿಣ್ ಎಂಬುದಕ್ಕೂ ದೀಪ ಆರುವುದಕ್ಕೂ ಒಂದೇ ಆಯಿತು. ಒಳಗಿನಿಂದ ಕೂಗು ಬಂತು. ಅವ್ವ ಅಭ್ಯಾಸದಂತೆ ಎತ್ತಿ, ಅಭ್ಯಾಸದಂತೆ ಇಡಲು ಹೋದಳು.

"ಇಡಬ್ಯಾಡ್ರಿ ಆಯಿ," ಎಂದರು ಮಾಮಾ. "ಮಾತಾಡಕೋತ ಇರ್ರಿ."

ಅವ್ವನಿಗೆ ತನ್ನ ಬದುಕಿನಲ್ಲಿ ಯಾರೂ ಇಂಥ ಮಾತು ಹೇಳಿದ್ದಿಲ್ಲ. ನನ್ನ ಜೊತೆಗೇ, ನನ್ನನ್ನು ನೋಡಿಕೊಂಡೇ, ಫೋನಿನಲ್ಲಿ ಮಾತಾಡತೊಡಗಿದಳು. ರಾತ್ರಿಯ ಊಟಕ್ಕೆ ಏನು ಮಾಡಬೇಕು, ಕಟಕ ರೊಟ್ಟಿ ಇನ್ನೂ ಎಷ್ಟು ಉಳಿದಿವೆ, ಬಬಲೇಶ್ವರದ ಮಗಳಿಂದ ಯಾಕೆ ಫೋನಿಲ್ಲ. ಮಾತು ನಡೆದೇ ಇತ್ತು, ಮೋಡೆಮಿನ ದೀಪ ಮಿಟುಕಿ ಮಿಟುಕಿ, ಗಟ್ಟಿಯಾಗಿ ನಿಂತಿತು. ನೆಟ್ ಬಂದಿತ್ತು. ಅವ್ವ ಇನ್ನೂ ಇಟ್ಟಿರಲಿಲ್ಲ.

ಅಂದರೆ ಅವ್ವ ಇಟ್ಟಿದ್ದರಿಂದ ನೆಟ್ ಬರುತ್ತಿರಲಿಲ್ಲ. ರಿಂಗ್ ನಿಂತಿದ್ದರಿಂದ ಬರುತ್ತಿತ್ತು. ನಾವು ಅವಳ ಮಾತನ್ನು ಒಮ್ಮೆಯಾದರೂ ಪೂರ್ತಿ ನಡೆಯಲು ಬಿಟ್ಟಿದ್ದರೆ ಅದು ಎಂದೋ ತಿಳಿಯುತ್ತಿತ್ತು. ಮಾತಿನ ತಪ್ಪೇನೂ ಇರಲಿಲ್ಲ, ತಪ್ಪು ಗಂಟೆಯದು.

"ಇನ್ನೊಂದು ಫೋನ್ ಎಲ್ಲೈತ್ರಿ?" ಎಂದರು ಮಾಮಾ.

"ಇಲ್ರಿ, ಇದ ಒಂದ."

"ಐತ್ರಿ. ಇದರದು ಎಲೆಕ್ಟ್ರಾನಿಕ್ ಗಂಟಿ, ಸ್ಪ್ಲಿಟರ್ ಹಿಂದ ಐತಿ, ಇದು ತ್ರಾಸ ಕೊಡಂಗಿಲ್ಲ. ಎಲ್ಲ್ಯೋ ಒಂದು ಕಡೆ ಇನ್ನೊಂದು ಗಂಟಿ ಬಡ್ಕೊಳ್ಳಾಕತ್ತೈತಿ."

ಮನೆಮಂದಿಯೆಲ್ಲ ಇಲ್ಲವೆಂದು ಆಣೆ ಹಾಕಿದ ಮೇಲೆ ಮಾಮಾ ತಂತಿಯನ್ನೇ ಹಿಡಿದು ನಡೆದರು. ಪಡಸಾಲೆಯ ರೋಸೆಟ್ ಬಾಕ್ಸಿನಿಂದ ಹೊರಟ ತಂತಿ ಗೋಡೆಯ ಮೂಲೆಗುಂಟ ಮೇಲೇರಿ, ಮಾಳಿಗೆಯ ಮೆಟ್ಟಿಲ ಪಕ್ಕದ ತೂತಿನಲ್ಲಿ ಮಾಯವಾಗಿತ್ತು. ಕಂಬದಿಂದ ಬರುವ ಡ್ರಾಪ್ ವೈರು ಮೊದಲು ಬರುವುದೇ ಮಾಳಿಗೆಗೆ, ಅಲ್ಲಿಂದ ಕೆಳಗೆ. ಹೊರಗಿನ ನೀರು ಮೊದಲು ಯಾವ ಮನೆಗೆ ಬರುತ್ತದೆಂಬುದು ನಮ್ಮ ಓಣಿಯಲ್ಲಿ ಎಲ್ಲರಿಗೂ ಗೊತ್ತು, ಫೋನಿನ ತಂತಿ ಮೊದಲು ಎಲ್ಲಿಗೆ ಬರುತ್ತದೆಂದು ಯಾರಿಗೂ ಗೊತ್ತಿಲ್ಲ.

ಮಾಳಿಗೆಯ ಕೋಣೆ ಅಪ್ಪನದು. ಅವರು ಹೋದ ಮೇಲೆ ಅದು ಹಳೆಯ ಮಾಸಿಕಗಳ ಕಟ್ಟುಗಳಿಗೂ, ಗಡಿಗೆಗಳಿಗೂ, ಸವೆದ ಹಾಸಿಗೆಗಳಿಗೂ ಸೇರಿತ್ತು. ಗೋಡೆಯ ರೋಸೆಟ್ ಬಾಕ್ಸಿನ ಮುಚ್ಚಳ ತೆಗೆದಾಗ ಒಳಗೆ ಹಲ್ಲಿಯ ಎರಡು ಮೊಟ್ಟೆ, ಇರುವೆ ತಂದಿಟ್ಟ ಜೋಳದ ಹೊಟ್ಟು, ಹಸಿರು ಕಿಲುಬು ಹಿಡಿದ ಎರಡು ಸ್ಕ್ರೂ. ಆ ಸ್ಕ್ರೂಗಳಿಂದ ಮತ್ತೊಂದು ಜೋಡಿ ತಂತಿ ಹೊರಟು ಪುಸ್ತಕದ ಕಟ್ಟುಗಳ ಹಿಂದೆ ಹೋಗಿತ್ತು. ಕಟ್ಟುಗಳನ್ನು ಸರಿಸಿದರೆ, ಬೆಂಗಳೂರಿನ ಐಟಿಐ ಕಾರ್ಖಾನೆಯಲ್ಲಿ ತಯಾರಾದ, ಬೆರಳು ತೂರಿಸಿ ತಿರುಗಿಸುವ, ಕರ್ರಗಿನ ಭಾರದ ಫೋನು. 1948ರಲ್ಲಿ ಶುರುವಾದ ಆ ಕಾರ್ಖಾನೆಯ ಫೋನುಗಳನ್ನು ಎತ್ತಿ ಒಗೆದರೆ ನೆಲ ಒಡೆಯುತ್ತಿತ್ತೇ ಹೊರತು ಫೋನಲ್ಲ. ಓದುತ್ತ ಕುಳಿತವರು ಕೆಳಗಿಳಿದು ಬರುವಷ್ಟರಲ್ಲಿ ಕರೆ ನಿಂತುಹೋಗುತ್ತದೆಂದು ಅಪ್ಪ ಎಂದೋ ಹಾಕಿಸಿಕೊಂಡಿದ್ದ ಪ್ಯಾರಲಲ್ ಫೋನದು. ಬ್ರಾಡ್‌ಬ್ಯಾಂಡಿನ ಹೆಸರೂ ಇಲ್ಲದ ಕಾಲದ್ದು. ಆಗ ಅದರಿಂದ ಯಾರಿಗೂ ಬಾಧೆಯಿರಲಿಲ್ಲ.

"ಹಚ್ರಿ ನೋಡೂಣು," ಎಂದರು ಮಾಮಾ. ಹಚ್ಚಿದೆ. ಕೆಳಗೆ ಟ್ರಿಣ್ ಎಂದಿತು. ಮೇಲಿನದು ಗಂಟೆ ಬಾರಿಸಲಿಲ್ಲ, ಆದರೆ ಮೈ ನಡುಗಿಸಿಕೊಂಡು ಟಪಟಪ ಎಂದಿತು. ಮಾಮಾ ಹೊಟ್ಟೆ ಬಿಚ್ಚಿದರು. ಎರಡು ಹಿತ್ತಾಳೆಯ ಗಂಟೆ ಬಟ್ಟಲುಗಳ ನಡುವೆ, ಸುತ್ತಿಗೆ ಬಡಿಯುವ ಜಾಗದಲ್ಲಿ, ಅಪ್ಪನ ಧೋತರದ ಅಂಚಿನ ಒಂದು ತುಂಡು ತುರುಕಿತ್ತು. ಮೊಮ್ಮಗಳು ಹುಟ್ಟಿದಾಗ, ಮಾಳಿಗೆಯ ತಂಪಿನಲ್ಲಿ ತೊಟ್ಟಿಲು ಕಟ್ಟಿದ್ದಾಗ, ಕೂಸು ಎದ್ದೀತೆಂದು ತುರುಕಿದ್ದರು ಎಂದಳು ಅವ್ವ. ಆ ಕೂಸು ಕೆಳಗಿನ ಕೋಣೆಯಲ್ಲಿ ಲ್ಯಾಪ್‌ಟಾಪ್ ತಲೆಗೆ ಎತ್ತಿಕೊಂಡು ಸಿಗ್ನಲ್ ಹುಡುಕುತ್ತಿತ್ತು.

ಆದದ್ದಿಷ್ಟು. ಸ್ಪ್ಲಿಟರ್ ಇದ್ದದ್ದು ಕೆಳಗೆ. ಅದಕ್ಕೂ ಮೊದಲೇ ಮೇಲೆ ಕರಿಯ ಫೋನು ಬರಿಮೈಯಲ್ಲಿ ತಂತಿ ಹಿಡಿದು ಕೂತಿತ್ತು. ಸುಮ್ಮನಿದ್ದಾಗ ತೊಂದರೆಯಿಲ್ಲ. ರಿಂಗ್ ಬಂದಾಗ ಅದರ ಸುರುಳಿ, ಸುತ್ತಿಗೆ ಎಲ್ಲ ಎದ್ದು ಕುಣಿದು, ಆ ಗದ್ದಲವೆಲ್ಲ ನೇರ ತಂತಿಗೆ ಬೀಳುತ್ತಿತ್ತು. ಮೋಡೆಮು ಕಂಗೆಟ್ಟು ಎಕ್ಸ್‌ಚೇಂಜಿನ ಕೈ ಬಿಡುತ್ತಿತ್ತು. ಮಾಮಾ ಎರಡು ಸ್ಕ್ರೂ ಸಡಿಲಿಸಿ ಆ ಜೋಡಿಯನ್ನು ಬಿಡಿಸಿದರು, ಕಿಲುಬನ್ನು ಬ್ಲೇಡಿನಿಂದ ಕೆರೆದರು, ಮೊಟ್ಟೆಗಳನ್ನು ಅವ್ವನ ಅಪ್ಪಣೆಯಂತೆ ಕಿಟಕಿಯ ಮೇಲಿಟ್ಟರು. ಮೇಲೆಯೂ ಫೋನ್ ಬೇಕೇ ಬೇಕೆಂದರೆ, ತಂತಿ ಮನೆಯೊಳಗೆ ಬರುವ ಮೊದಲ ಜಾಗದಲ್ಲೇ ಸ್ಪ್ಲಿಟರ್ ಹಾಕಿ, ಎಲ್ಲ ಫೋನುಗಳನ್ನೂ ಅದರ ಫೋನ್ ತೂತಿನಿಂದಲೇ ಎಳೆಯಬೇಕು ಎಂದು ಹೇಳಿದರು. ಬೇಕಿರಲಿಲ್ಲ.

ಮಾಮಾನ ಕೀರ್ತಿ ಅವತ್ತೇ ಫೋನಿನಲ್ಲಿ ಟಿಕೋಟಾ, ಬಬಲೇಶ್ವರ ಮುಟ್ಟಿತು. ಅವ್ವನೇ, ಕಾನೂನು ಮುರಿದು, ತಾನಾಗಿ ಹಚ್ಚಿ ಹೇಳಿದಳು.

ಬಬಲೇಶ್ವರದ ಅಕ್ಕನ ಮನೆಯದು ಉಲ್ಟಾ ಕತೆ. ಅಲ್ಲಿ ಫೋನಿನಲ್ಲಿ ಮಾತಾಡುವಷ್ಟು ಹೊತ್ತು ನೆಟ್ ಇರುತ್ತಿತ್ತು. ಇಟ್ಟು ಸ್ವಲ್ಪ ಹೊತ್ತಿಗೆ ಹೋಗುತ್ತಿತ್ತು. ಎಸ್ಸೆಸ್ಸೆಲ್ಸಿಯ ಮಗ ಆನ್‌ಲೈನ್ ಪಾಠವಿದ್ದಾಗಲೆಲ್ಲ ಸೋದರಮಾವನಿಗೆ, ಅಂದರೆ ನನಗೆ, ಹಚ್ಚಿ, "ಮಾಮಾ, ಇಡಬ್ಯಾಡ, ಗಣಿತ ಮುಗಿಯೂತನಾ ಹಂಗ ಇರ್ಲಿ" ಎನ್ನುತ್ತಿದ್ದ. ಹೀಗಾಗಿ ನಾನು ಈ ವಯಸ್ಸಿನಲ್ಲಿ ಮತ್ತೊಮ್ಮೆ ತ್ರಿಕೋನಮಿತಿ ಕೇಳಿಸಿಕೊಂಡೆ. ನಾನು ಇದನ್ನು ಲೈನ್‌ಮನ್ ಮಾಮಾಗೆ ಹೇಳಿದಾಗ ಅವರು ನಕ್ಕು, "ಜಾಯಿಂಟ್ ಕೆಟ್ಟೈತಿ" ಎಂದರು, ನೋಡದೆಯೇ. ಎರಡು ತಾಮ್ರದ ಎಳೆ ಹೊಸೆದು ಮಾಡಿದ ಗಂಟಿನಲ್ಲಿ ಮಳೆ-ಬಿಸಿಲಿಗೆ ಕಿಲುಬಿನ ಪೊರೆ ಬೆಳೆಯುತ್ತದೆ. ರಿಸೀವರ್ ಎತ್ತಿದಾಗ ತಂತಿಯಲ್ಲಿ ಇಪ್ಪತ್ತು ಮೂವತ್ತು ಮಿಲಿಆಂಪಿಯರ್ ಕರೆಂಟ್ ಹರಿದು ಆ ಪೊರೆಯನ್ನು ಭೇದಿಸುತ್ತದೆ, ಗಂಟು ಸರಿಯಾಗಿ ಕೂಡಿಕೊಳ್ಳುತ್ತದೆ, ನೆಟ್ ಬರುತ್ತದೆ. ಇಟ್ಟರೆ ಕರೆಂಟಿಲ್ಲ, ಪೊರೆ ಮತ್ತೆ ಅಡ್ಡ. ಮೋಡೆಮಿನ ಪಿಸುಮಾತಿಗೆ ಪೊರೆ ಹರಿಯುವ ತಾಕತ್ತಿಲ್ಲ. ಇಂಥದ್ದಕ್ಕೆ ಒಂದು ಸುಲಭ ಪರೀಕ್ಷೆಯಿದೆ: ರಿಸೀವರ್ ಎತ್ತಿ ಯಾವುದಾದರೂ ಒಂದು ಅಂಕಿ ಒತ್ತಿ. ಡಯಲ್ ಟೋನ್ ನಿಂತು ನಿಶ್ಶಬ್ದವಾಗಬೇಕು. ಆ ನಿಶ್ಶಬ್ದದಲ್ಲಿ ಹಪ್ಪಳ ಮುರಿದಂಥ ಕರಕರ ಕೇಳಿದರೆ ಗಂಟಿನ ಮೇಲೆ ಸಂಶಯಪಡಬೇಕು.

ಅಕ್ಕನ ಮನೆಯ ಗಂಟು ಸಿಕ್ಕಿದ್ದು ಅಂಗಳದ ಬೇವಿನ ಗಿಡದಲ್ಲಿ, ಕೊಂಬೆಗಳ ನಡುವೆ, ಸೈಕಲ್ ಟ್ಯೂಬಿನ ತುಂಡು ಸುತ್ತಿಕೊಂಡು. ಯಾರು ಯಾವಾಗ ಹೊಸೆದರೋ. ವಿಜಯಪುರದಿಂದ ಬಬಲೇಶ್ವರಕ್ಕೆಂದು ಜಮಖಂಡಿ ರಸ್ತೆ ಹಿಡಿದು ಡೋಣಿ ದಾಟಿದರೆ ಎರಡೂ ಬದಿ ಎರೆಭೂಮಿ. ಡೋಣಿ ಹರಿದ ವರ್ಷ ಜೋಳ ಬಂತೆಂದೇ ಲೆಕ್ಕ. ಆದರೆ ಆ ಎರೆಮಣ್ಣು ಬೇಸಿಗೆಯಲ್ಲಿ ಕಾಲು ಸಿಕ್ಕಿಬೀಳುವಷ್ಟು ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ. ನೆಲದಲ್ಲಿ ಹೂತದ್ದು ಏನೇ ಇರಲಿ, ಅಡಿಪಾಯವೋ ಪೈಪೋ ಕೇಬಲ್ಲೋ, ಒಂದು ಕಡೆ ನೆಮ್ಮದಿಯಾಗಿ ಇರಲು ಬಿಡುವುದಿಲ್ಲ. ಗಿಡದ ಮೇಲಿನ ಗಂಟು ಅದಕ್ಕಿಂತ ವಾಸಿ, ಕಣ್ಣಿಗಾದರೂ ಕಾಣುತ್ತದೆ.

ಟಿಕೋಟಾದ ಕಾಕಾನದು ಬೇರೆಯೇ ರೋಗ. ಅಥಣಿ ರಸ್ತೆಯಲ್ಲಿ ಇಪ್ಪತ್ತು ಕಿಲೋಮೀಟರ್ ಹೋದರೆ ಟಿಕೋಟಾ. ಸುತ್ತ ದ್ರಾಕ್ಷಿ, ದ್ರಾಕ್ಷಿಯ ಜೊತೆಗೆ ಒಣದ್ರಾಕ್ಷಿಯ ಶೆಡ್ಡುಗಳು, ನೆರಳುಬಲೆಯ ಕೆಳಗೆ ಅಂತಸ್ತು ಅಂತಸ್ತಾಗಿ ಒಣಗುವ ಗೊಂಚಲು. ಮಗ ಪರದೇಶದಿಂದ ತಂದುಕೊಟ್ಟ ಕಾರ್ಡ್‌ಲೆಸ್ ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಶೆಡ್ಡಿನ ತುಂಬ ಅಡ್ಡಾಡುತ್ತ, ತಾಸಗಾಂವದ ವ್ಯಾಪಾರಿಗಳ ಜೊತೆ ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ದರ ಮಾತಾಡುವುದು ಕಾಕಾನ ದಿನಚರಿ. ಮಾತಾಡುವಷ್ಟು ಹೊತ್ತೂ ಮನೆಯಲ್ಲಿ ನೆಟ್ ಇಲ್ಲ. ಮಾಮಾ ಫೋನಿನಲ್ಲೇ ಕೇಳಿದರು: "ಮೋಡೆಮಿನ ಡಿಎಸ್‌ಎಲ್ ದೀಪ ಆರತೈತೇನ್ರಿ?" ಆರುವುದಿಲ್ಲ. ಹಾಗಾದರೆ ತಂತಿಯ ತಪ್ಪಲ್ಲ. ಆ ಫೋನೂ ವೈಫೈಯೂ ಗಾಳಿಯಲ್ಲಿ ಒಂದೇ ಜಾಗದಲ್ಲಿ, 2.4 ಗಿಗಾಹರ್ಟ್ಸ್‌ನಲ್ಲಿ, ಗುದ್ದಾಡುತ್ತಿದ್ದವು. ಫೋನಿನ ಸ್ಟ್ಯಾಂಡನ್ನು ಮೋಡೆಮಿನಿಂದ ದೂರ ಇಡಿ, ವೈಫೈ ಚಾನೆಲ್ ಬದಲಿಸಿ, ಆಗದಿದ್ದರೆ ಕಂಪ್ಯೂಟರಿಗೆ ನೇರ ಕೇಬಲ್ ಹಾಕಿ ಎಂದರು. ಕಾಕಾ ಎಲ್ಲ ಕೇಳಿ, "ನೆಟ್ ಇರಲಿಲ್ಲಂದ್ರ ನಡೀತೈತ್ರಿ, ದರ ತಿಳೀಲಿಲ್ಲಂದ್ರ ನಡಿಯಂಗಿಲ್ಲ" ಎಂದು ಏನನ್ನೂ ಮಾಡಲಿಲ್ಲ. ಸುಗ್ಗಿ ಮುಗಿದ ಮೇಲೆ ಸಮಸ್ಯೆ ತಾನಾಗಿ ಹೋಯಿತು.

ಊರೂರಿಗೆ ತಂತಿ ಮುಟ್ಟಿದ್ದಕ್ಕೆ ನಮ್ಮ ಭಾಗಕ್ಕೊಂದು ಹೆಮ್ಮೆಯಿದೆ, ಹೇಳದೆ ಬಿಡುವುದು ಸರಿಯಲ್ಲ. ಹಳ್ಳಿಗಳಿಗೆಂದು ಕೇಂದ್ರ ಸರ್ಕಾರದ ಸಿ-ಡಾಟ್ ಸಂಸ್ಥೆ ತಯಾರಿಸಿದ 128 ಲೈನಿನ ಪುಟ್ಟ ಎಕ್ಸ್‌ಚೇಂಜಿನ ಮೊದಲನೆಯದನ್ನು 1986ರಲ್ಲಿ ನಿಲ್ಲಿಸಿದ್ದು ನಮ್ಮ ಕಿತ್ತೂರಿನಲ್ಲಿ. ಎಸಿ ಬೇಡ, ಧೂಳು-ಧಗೆಗೆ ಅಂಜುವುದಿಲ್ಲ; ನಮ್ಮಂಥ ಊರುಗಳನ್ನು ನೋಡಿಯೇ ಮಾಡಿದ ಯಂತ್ರ. ಕರೆಂಟ್ ಹೋದರೂ ಮನೆಯ ಫೋನು ಬದುಕಿರುತ್ತಿತ್ತು, ಏಕೆಂದರೆ ಆ 48 ವೋಲ್ಟು ಬರುತ್ತಿದ್ದದ್ದು ಎಕ್ಸ್‌ಚೇಂಜಿನ ಬ್ಯಾಟರಿಗಳಿಂದ. ಲೋಡ್ ಶೆಡ್ಡಿಂಗಿನ ಕತ್ತಲಲ್ಲಿ ಕುಳಿತು ಇಡೀ ಜಿಲ್ಲೆ ಮಾತಾಡಿದ್ದು ಹಾಗೆ.

ಈಗ ಗಾಜಿನೆಳೆಯ ಕಾಲ. ಫೈಬರಿನಲ್ಲಿ ಮಾತೂ ಮಾಹಿತಿಯಾಗಿಯೇ ಹೋಗುತ್ತದೆ. ರಿಂಗು, ಸ್ಪ್ಲಿಟರು, ಕಿಲುಬು ಯಾವ ತಂಟೆಯೂ ಇಲ್ಲ. ಆದರೂ ತಾಮ್ರದ ಮನೆಗಳು ಇನ್ನೂ ಅಲ್ಲಲ್ಲಿ ಉಳಿದಿವೆ. ಅಂಥ ಮನೆಯವರಿಗೆ ನನ್ನ ವಿನಂತಿ ಇಷ್ಟೇ: ಕಂಪ್ಲೇಂಟ್ ಬುಕ್ ಮಾಡುವ ಮುಂಚೆ, ಮನೆಯ ಮುದುಕರನ್ನು ಬೈಯುವ ಮುಂಚೆ, ನೆಟ್ ರಿಂಗಿಗೆ ಹೋಗುತ್ತದೋ, ಎತ್ತಿದಾಗ ಹೋಗುತ್ತದೋ, ಇಟ್ಟಾಗ ಹೋಗುತ್ತದೋ ನೋಡಿಕೊಳ್ಳಿ. ಮನೆಯಲ್ಲಿರುವ ಎಲ್ಲ ಫೋನುಗಳನ್ನೂ ಕಿತ್ತು, ತಂತಿ ಮೊದಲು ಬರುವ ಡಬ್ಬಿಗೇ ಸ್ಪ್ಲಿಟರ್, ಮೋಡೆಮ್ ಮತ್ತು ಒಂದೇ ಒಂದು ಫೋನ್ ಹಚ್ಚಿ ಪರೀಕ್ಷಿಸಿ. ಅಲ್ಲಿ ಸರಿಯಿದ್ದರೆ ರೋಗ ಮನೆಯೊಳಗಿನದು, ಇಲ್ಲದಿದ್ದರೆ ಹೊರಗಿನದು. ಮಾಳಿಗೆಯನ್ನೂ ಒಮ್ಮೆ ನೋಡಿ. ಇನ್ನು ಫೈಬರ್ ಹಾಕಿಸಿಕೊಂಡವರು, ಕರೆಂಟ್ ಹೋದಾಗ ಫೋನೂ ಹೋಗುತ್ತದೆಂಬುದನ್ನು ಮರೆಯದೆ, ಮೋಡೆಮಿಗೊಂದು ಸಣ್ಣ ಯುಪಿಎಸ್ ತಂದಿಟ್ಟುಕೊಳ್ಳಿ.